ಸಾರಾಂಶಕ್ಕೆ ಮೊದಲು ಪದ್ಯ

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿರುವ ಮಕ್ಕಳನ್ನು ಇಂಗ್ಲಿಷ್ ಪುಸ್ತಕದಲ್ಲಿ ಯಾವುದು ಕಷ್ಟ ಎಂದು ಕೇಳಿ ನೋಡಿ. ಬಹಳಷ್ಟು ಮಂದಿ ಪದ್ಯ ಎನ್ನುತ್ತಾರೆ. ಗದ್ಯಪಾಠದಲ್ಲಿ ಒಂದು ಕಥೆಯೋ ಘಟನೆಯೋ ಇರುತ್ತದೆ. ನಾಲ್ಕು ಪದ ತಿಳಿಯದಿದ್ದರೂ ಅದರ ಎಳೆ ಕೈತಪ್ಪುವುದಿಲ್ಲ. ಪದ್ಯದಲ್ಲಿ ಒಂದೇ ಪದ ಗೊತ್ತಾಗದಿದ್ದರೂ ಇಡೀ ಸಾಲು ಮಂಕಾಗುತ್ತದೆ. ಈ ಭಯಕ್ಕೆ ನಾವು ಕಂಡುಕೊಂಡಿರುವ ಮದ್ದು ಸಾರಾಂಶ. ಗೈಡಿನಲ್ಲಿ ಸಾರಾಂಶ, ಬೋರ್ಡಿನ ಮೇಲೆ ಸಾರಾಂಶ, ಪರೀಕ್ಷೆ ಹತ್ತಿರವಾದಾಗ ಕೈಗೆ ಬರುವ ಪಾಸಿಂಗ್ ಪ್ಯಾಕೇಜಿನಲ್ಲೂ ಸಾರಾಂಶ. ಜೂನ್‌ನಿಂದ ಮಾರ್ಚ್‌ವರೆಗೆ ಪದ್ಯವನ್ನು ಒಮ್ಮೆಯೂ ದನಿಯೆತ್ತಿ ಪೂರ್ತಿಯಾಗಿ ಓದದ ಮಗು ಅದರ ಸಾರಾಂಶವನ್ನು ಮಾತ್ರ ಅಚ್ಚುಕಟ್ಟಾಗಿ ಬರೆದು ಬರುವುದು ಸಾಧ್ಯವಾಗಿದೆ.

ಸಾರಾಂಶ ಬೇಡವೆಂದು ನಾನು ಹೇಳುತ್ತಿಲ್ಲ. ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ತೆಗೆದುಕೊಂಡವರಿಗೆ ಲಿಖಿತ ಪರೀಕ್ಷೆ 80 ಅಂಕದ್ದು. ಉಳಿದ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಮನೆಯಲ್ಲಿ ಇಂಗ್ಲಿಷ್ ಕಿವಿಗೆ ಬೀಳದ ಮಗುವಿಗೆ ಆ ಪತ್ರಿಕೆಯ ಒಂದೊಂದು ಅಂಕವೂ ಮುಖ್ಯ, ಅದನ್ನು ದೊರಕಿಸಿಕೊಡಲು ಶಿಕ್ಷಕರು ಪಡುವ ಪಾಡು ದೊಡ್ಡದು. ನನ್ನ ತಕರಾರು ಇರುವುದು ಕ್ರಮದ ಬಗ್ಗೆ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕೊಟ್ಟುಬಿಟ್ಟರೆ ಮಗು ಆ ಉತ್ತರವನ್ನು ಹೊತ್ತುಕೊಂಡು ಹೋಗುತ್ತದೆ, ಅಷ್ಟೆ. ಪ್ರಶ್ನೆಯ ಮಾತು ತುಸು ಬದಲಾದರೂ ಪೆನ್ನು ನಿಂತುಬಿಡುತ್ತದೆ. ಪದ್ಯ ಮೊದಲು ಬಂದು ಸಾರಾಂಶ ಕೊನೆಗೆ ಬರಬೇಕು. ಆ ಸಾರಾಂಶವೂ ಸಾಧ್ಯವಾದಷ್ಟು ಮಗುವಿನದೇ ಆಗಿರಬೇಕು. ಹಾಗಾದರೆ ಅಂಕವೂ ಹೆಚ್ಚು ಭದ್ರವಾಗುತ್ತದೆ ಎಂಬುದು ನನ್ನ ನಂಬಿಕೆ.

ಇದಕ್ಕೆ ದೊಡ್ಡ ವಿಧಾನವೇನೂ ಬೇಡ. ಯಾವ ಪದ್ಯಕ್ಕಾದರೂ ಮೂರು ಪ್ರಶ್ನೆ ಸಾಕು. ಯಾರು ಯಾರಿಗೆ ಮಾತಾಡುತ್ತಿದ್ದಾರೆ? ಮಾತು ಎಲ್ಲಿ ತಿರುಗುತ್ತದೆ? ಕಣ್ಣಿಗೆ ಕಟ್ಟುವ ಒಂದು ವಸ್ತು ಯಾವುದು, ಅದು ಅಲ್ಲಿ ಯಾಕಿದೆ? ನಮ್ಮ ಮಕ್ಕಳು ಹಲವು ವರ್ಷಗಳಿಂದ ಓದುತ್ತ ಬಂದಿರುವ ಪದ್ಯಗಳ ಮೇಲೇ ಇವನ್ನು ಇಟ್ಟು ನೋಡೋಣ.

ಮೊದಲ ಪ್ರಶ್ನೆಗೆ ಶೇಕ್ಸ್‌ಪಿಯರನ 'ಕ್ವಾಲಿಟಿ ಆಫ್ ಮರ್ಸಿ'ಗಿಂತ ಒಳ್ಳೆಯ ಉದಾಹರಣೆ ಇಲ್ಲ. ದಯೆಯ ಹಿರಿಮೆಯನ್ನು ಹೊಗಳುವ ಪದ್ಯ ಎಂದು ಮಕ್ಕಳು ಇದನ್ನು ಓದುತ್ತಾರೆ, ನೀತಿಬೋಧೆಯ ಪಟ್ಟಿಗೆ ಸೇರಿಸಿ ಮರೆಯುತ್ತಾರೆ. ಆದರೆ ಇದು 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ನಾಲ್ಕನೇ ಅಂಕದ ನ್ಯಾಯಾಲಯದ ದೃಶ್ಯದಲ್ಲಿ ಬರುವ ಮಾತು. ಗೆಳೆಯನಿಗಾಗಿ ಆಂಟೋನಿಯೊ 3000 ಡುಕಾಟ್ ಸಾಲ ತೆಗೆದಿದ್ದಾನೆ. ಸಕಾಲಕ್ಕೆ ತೀರಿಸದಿದ್ದರೆ ಅವನ ಮೈಯಿಂದ ಒಂದು ಪೌಂಡ್ ಮಾಂಸ ಕೊಯ್ದುಕೊಳ್ಳಬಹುದು ಎಂದು ಪತ್ರವಾಗಿದೆ. ಹಣ ಬಂದಿಲ್ಲ. ಸಾಲ ಕೊಟ್ಟ ಶೈಲಾಕ್ ಚೂರಿ ಮಸೆದುಕೊಂಡು ಬಂದಿದ್ದಾನೆ. ಇದೇ ಆಂಟೋನಿಯೊ ಹಿಂದೆ ತನ್ನನ್ನು ಬೀದಿಯಲ್ಲಿ ಹೀಯಾಳಿಸಿದ್ದು, ಉಗುಳಿದ್ದು ಅವನ ಎದೆಯಲ್ಲಿ ಕುದಿಯುತ್ತಿದೆ. ಗಂಡುವೇಷದಲ್ಲಿ, ಕಾನೂನು ಪಂಡಿತನಾಗಿ ನಾಟಕದ ನಾಯಕಿ ಪೋರ್ಷಿಯಾ ಎದ್ದು ನಿಲ್ಲುತ್ತಾಳೆ. ನೀನು ದಯೆ ತೋರಲೇಬೇಕು ಎನ್ನುತ್ತಾಳೆ. ಯಾವ ಬಲವಂತಕ್ಕೆ ನಾನು ತೋರಬೇಕು ಎಂದು ಶೈಲಾಕ್ ಕೇಳುತ್ತಾನೆ. ನಮ್ಮ ಪುಸ್ತಕದ ಪದ್ಯ ಆರಂಭವಾಗುವುದು ಆ ಪ್ರಶ್ನೆಯ ನಂತರ.

ಇದನ್ನು ಹೇಳಿದರೆ ಸಾಕು, ಮೊದಲ ಸಾಲು ತಾನಾಗಿ ತೆರೆಯುತ್ತದೆ. ದಯೆ ಬಲವಂತದ್ದಲ್ಲ ಎಂದು ಪೋರ್ಷಿಯಾ ಹೇಳುವುದು ಬಲವಂತದ ಬಗ್ಗೆಯೇ ಎದುರಾಳಿ ಎತ್ತಿದ ಪ್ರಶ್ನೆಗೆ ಕೊಟ್ಟ ಉತ್ತರ. ಅಲ್ಲಿಂದ ಮುಂದೆ ಅವಳದು ವಾದ. ದಯೆ ಮಳೆಯಂತೆ ತಾನಾಗಿ ಇಳಿಯುತ್ತದೆ. ಕೊಡುವವನನ್ನೂ ಪಡೆಯುವವನನ್ನೂ ಹರಸುತ್ತದೆ. ರಾಜನಿಗೆ ಕಿರೀಟಕ್ಕಿಂತ ಅದೇ ಹೆಚ್ಚು ಒಪ್ಪುತ್ತದೆ. ರಾಜದಂಡ ಹುಟ್ಟಿಸುವುದು ಭಯವನ್ನು, ದಯೆ ನೆಲೆಸುವುದು ರಾಜನ ಹೃದಯದಲ್ಲಿ. ಅದು ದೇವರದೇ ಗುಣ. ಆದ್ದರಿಂದ ನ್ಯಾಯದ ಜೊತೆ ದಯೆ ಬೆರೆತಾಗ ಮನುಷ್ಯನ ಅಧಿಕಾರ ದೇವರ ಅಧಿಕಾರಕ್ಕೆ ಹತ್ತಿರವಾಗುತ್ತದೆ. ಆಕಾಶದಿಂದ ಭೂಮಿಗೆ, ಭೂಮಿಯಿಂದ ಸಿಂಹಾಸನಕ್ಕೆ, ಸಿಂಹಾಸನದಿಂದ ದೇವರಿಗೆ ವಾದ ಹೆಜ್ಜೆ ಹೆಜ್ಜೆಯಾಗಿ ಏರುತ್ತದೆ. ಕಂಠಪಾಠ ಮಾಡಬೇಕಾದ ಮಗುವಿಗೆ ಈ ಹೆಜ್ಜೆಗಳೇ ಆಸರೆ. ಮುಂದಿನ ಸಾಲು ಯಾವುದು ಎಂದು ತಡವರಿಸಿದಾಗ ವಾದ ಎಲ್ಲಿಗೆ ಬಂದಿತ್ತು ಎಂಬ ನೆನಪು ಸಾಲನ್ನು ಎಳೆದು ತರುತ್ತದೆ. ಅರ್ಥವಿಲ್ಲದೆ ಬಾಯಿಪಾಠ ಮಾಡಿದವರಿಗೆ ನಡುವೆ ಒಂದು ಪದ ಜಾರಿದರೆ ಉಳಿದದ್ದೆಲ್ಲ ಜಾರುತ್ತದೆ.

ಯಾರ ಮಾತು ಎಂಬ ಪ್ರಶ್ನೆ ಇನ್ನೊಂದು ತಪ್ಪನ್ನೂ ತಡೆಯುತ್ತದೆ. ಕಾಲಿ ಸಿಬರ್ ಬರೆದ 'ದಿ ಬ್ಲೈಂಡ್ ಬಾಯ್' ಪದ್ಯದಲ್ಲಿ ನಾನು ಎನ್ನುವುದು ಕಣ್ಣು ಕಾಣದ ಒಬ್ಬ ಹುಡುಗ. ಸಿಬರ್ 18ನೇ ಶತಮಾನದ ಇಂಗ್ಲೆಂಡಿನ ನಟ, ನಾಟಕಕಾರ; 1730ರಲ್ಲಿ ಅಲ್ಲಿನ ಆಸ್ಥಾನಕವಿಯಾದವನು. ಕುರುಡನಲ್ಲ. ಕವಿಗೆ ಕಣ್ಣಿಲ್ಲ ಎಂದು ಬರೆದ ಉತ್ತರ ಮೊದಲ ಸಾಲಿನಲ್ಲೇ ದಾರಿ ತಪ್ಪುತ್ತದೆ. ಮರೀನಾ ಡಿ ಬೆಲ್ಲಜೆಂಟಾ ಬರೆದ 'ಐ ಆ್ಯಮ್ ದಿ ಲ್ಯಾಂಡ್'ನಲ್ಲಿ ಮಾತಾಡುವುದು ಭೂಮಿ. ಕೇಳಿಸಿಕೊಳ್ಳುತ್ತಿರುವವರು ಅದನ್ನು ತಮ್ಮ ಆಸ್ತಿ ಎಂದುಕೊಂಡು ಬೇಲಿ ಹಾಕುವ ನಾವು. ವಿ.ಕೃ. ಗೋಕಾಕರ 'ದಿ ಸಾಂಗ್ ಆಫ್ ಇಂಡಿಯಾ'ದಲ್ಲಿ ಇಬ್ಬರ ದನಿ ಇದೆ. ಹಿಮಾಲಯವನ್ನು ಹಾಡಲೇ, ಸಮುದ್ರಗಳನ್ನು ಹಾಡಲೇ ಎಂದು ಕವಿ ಕೇಳುತ್ತಾನೆ. ಭಿಕ್ಷುಕರನ್ನೂ ಕುಷ್ಠರೋಗಿಗಳನ್ನೂ ಹಾಡು ಎನ್ನುತ್ತಾಳೆ ತಾಯಿ ಭಾರತಿ. ಇಬ್ಬರ ಮಾತನ್ನು ಇಬ್ಬರು ಮಕ್ಕಳ ಬಾಯಲ್ಲಿ ಓದಿಸಿದರೆ ಅದು ಸಂವಾದ ಎಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ತಿರುವು. ಬಹುಪಾಲು ಪದ್ಯಗಳು ಒಂದು ಕಡೆ ಹೊರಟು ಇನ್ನೊಂದು ಕಡೆ ತಲುಪುತ್ತವೆ. ಸಿಬರನ ಹುಡುಗನನ್ನೇ ನೋಡಿ. ಬೆಳಕು ಅಂದರೆ ಏನು ಎಂದು ಕೇಳುತ್ತ ಶುರುಮಾಡುತ್ತಾನೆ. ಸೂರ್ಯನ ಬಿಸಿ ಅವನಿಗೆ ತಿಳಿಯುತ್ತದೆ, ಆದರೆ ಅದೇ ಸೂರ್ಯ ಹಗಲು ರಾತ್ರಿಗಳನ್ನು ಹೇಗೆ ಮಾಡುತ್ತಾನೆ ಎಂಬುದು ತಿಳಿಯದು. ಇಲ್ಲಿಯವರೆಗೆ ಅವನಿಗೆ ಇಲ್ಲದ್ದರ ಮಾತು. ಆಮೇಲೆ ಪ್ರಶ್ನೆಗಳು ನಿಂತು ಅವನು ತನ್ನ ಲೋಕವನ್ನು ಹೇಳತೊಡಗುತ್ತಾನೆ: ಆಡುವಾಗ ನನಗೆ ಹಗಲು, ಮಲಗಿದಾಗ ರಾತ್ರಿ; ಎಂದೂ ಅರಿಯದ ನಷ್ಟವನ್ನು ನಾನು ಸಹಿಸಬಲ್ಲೆ; ನಿಮ್ಮ ನಿಟ್ಟುಸಿರು ಬೇಡ. ಮೊದಲ ಪದ್ಯಭಾಗದ ಕೊನೆಯಲ್ಲಿ ಅವನು ತನ್ನನ್ನು ಬಡ ಕುರುಡು ಹುಡುಗ ಎಂದು ಕರೆದುಕೊಂಡಿದ್ದ. ಇಡೀ ಪದ್ಯದ ಕೊನೆಯಲ್ಲೂ ಅದೇ ಹೆಸರು ಬರುತ್ತದೆ, ಆದರೆ ಆ ಹೊತ್ತಿಗೆ ಅವನು ಹಾಡುತ್ತಿರುವ ರಾಜ. ಕರುಣೆ ಕೇಳುವಂತಿದ್ದ ಮಾತು ಸ್ವಾಭಿಮಾನದ ಮಾತಾಯಿತು. ಆ ಹೆಸರು ಎರಡು ಕಡೆ ಬರುವುದನ್ನು ಮಕ್ಕಳಿಂದಲೇ ಪೆನ್ಸಿಲಿನಲ್ಲಿ ಗೆರೆ ಎಳೆಸಿ, ವ್ಯತ್ಯಾಸ ಏನು ಎಂದು ಕೇಳಿ. ಕೊಟ್ಟ ನೋಟ್ಸಿನಲ್ಲಿ ಇಲ್ಲದ ಉತ್ತರಗಳು ಬರುತ್ತವೆ.

ರಸ್ಕಿನ್ ಬಾಂಡ್ ಅವರ 'ಗ್ರ್ಯಾಂಡ್‌ಮಾ ಕ್ಲೈಂಬ್ಸ್ ಎ ಟ್ರೀ'ಯಲ್ಲಿ ತಿರುವು ಇನ್ನೂ ಸೊಗಸಾಗಿದೆ. ಅಜ್ಜಿಗೆ 62 ವರ್ಷ. ಆರನೇ ವಯಸ್ಸಿನಲ್ಲಿ ಅಣ್ಣನಿಂದಲೋ ತಮ್ಮನಿಂದಲೋ ಕಲಿತ ಮರಹತ್ತುವ ವಿದ್ಯೆಯನ್ನು ಬಿಟ್ಟಿಲ್ಲ. ವಯಸ್ಸಾದವರು ಗಂಭೀರವಾಗಿ ಇರಬೇಕು ಎಂದರೆ ನಗುತ್ತಾಳೆ. ಒಂದು ದಿನ ಹತ್ತಿದವಳಿಗೆ ಇಳಿಯಲಾಗುವುದಿಲ್ಲ. ಡಾಕ್ಟರು ಒಂದು ವಾರ ಹಾಸಿಗೆ ಬಿಟ್ಟೇಳಬಾರದು ಎನ್ನುತ್ತಾರೆ, ಮನೆಯವರು ಉಸ್ಸಪ್ಪಾ ಎನ್ನುತ್ತಾರೆ. ಇಲ್ಲಿ ಓದು ನಿಲ್ಲಿಸಿ, ಮುಂದೇನಾಗಬಹುದು ಎಂದು ತರಗತಿಯನ್ನು ಕೇಳಬೇಕು. ಅಜ್ಜಿ ಸುಮ್ಮನಾಗುತ್ತಾಳೆ ಎಂದು ಕೆಲವರು ಹೇಳುತ್ತಾರೆ, ಮತ್ತೆ ಹತ್ತುತ್ತಾಳೆ ಎಂದು ಕೆಲವರು. ಅಜ್ಜಿ ಇವೆರಡನ್ನೂ ಮಾಡುವುದಿಲ್ಲ. ಮರದ ಮೇಲೇ ಒಂದು ಮನೆ ಕಟ್ಟಿಕೊಡು ಎಂದು ಮಗನಿಗೆ ಹೇಳುತ್ತಾಳೆ, ಮಗ ಆ ರಾತ್ರಿಯೇ ಕೆಲಸ ಶುರುಮಾಡಲು ಒಪ್ಪುತ್ತಾನೆ. ತಮಾಷೆಯ ಪದ್ಯದ ಒಳಗೆ ವಯಸ್ಸಾದವರಿಗೂ ತಮ್ಮಿಷ್ಟದಂತೆ ಬದುಕುವ ಹಕ್ಕಿದೆ ಎಂಬ ಗಟ್ಟಿ ಮಾತಿದೆ. ತಿರುವಿನ ಹತ್ತಿರ ನಿಂತ ಮಗುವಿಗೆ ಅದು ತಾನಾಗಿ ಹೊಳೆಯುತ್ತದೆ.

ಮೂರನೆಯದು ವಸ್ತು. ಕಾರ್ಲ್ ವೆಂಡೆಲ್ ಹೈನ್ಸ್ ಬರೆದ 'ಜ್ಯಾಝ್ ಪೊಯೆಮ್ ಟೂ' ನಮ್ಮ ಮಕ್ಕಳಿಗೆ ತೀರ ದೂರದ್ದು ಎಂದು ಶಿಕ್ಷಕರು ಹೇಳುವುದುಂಟು. ಪ್ರಾಸವಿಲ್ಲ, ಸಾಲುಗಳು ಎಲ್ಲೆಂದರಲ್ಲಿ ಮುರಿಯುತ್ತವೆ, ಜ್ಯಾಝ್ ಯಾರೂ ಕೇಳಿಲ್ಲ. ಆದರೆ ಅದರಲ್ಲಿರುವ ವಸ್ತುಗಳನ್ನು ಪಟ್ಟಿ ಮಾಡಿಸಿ ನೋಡಿ. ಬಣ್ಣಗೆಟ್ಟ ನೀಲಿ ಅಂಗಿ, ಬಿಚ್ಚಿದ ಟೈ, ಸವೆದ ಶೂ, ಅದರೊಳಗೆ ತುರುಕಿದ ಕಾಗದ. ಪದ್ಯದ ಮುದುಕ ವಾದಕ ಕೊರಳಿನಿಂದ ಸ್ಯಾಕ್ಸೊಫೋನ್ ತೂಗಿಬಿಟ್ಟಿರುವುದು ಬಟ್ಟೆ ನೇತುಹಾಕುವ ತಂತಿಯ ಹ್ಯಾಂಗರಿನಿಂದ. ವಾದ್ಯಕ್ಕೆ ಒಂದು ಪಟ್ಟಿ ಕೊಳ್ಳಲೂ ಅವನಲ್ಲಿ ದುಡ್ಡಿಲ್ಲ. ಬಡತನ ಎಂಬ ಪದವನ್ನು ಬಳಸದೆಯೇ ಕವಿ ಬಡತನವನ್ನು ಕಾಣಿಸಿದ್ದಾನೆ. ಇಂಥ ಮುದುಕ ಕಣ್ಣು ಮುಚ್ಚಿ ವಾದ್ಯಕ್ಕೆ ತುಟಿ ತಾಗಿಸುತ್ತಾನೆ. ಆಮೇಲೆ ಅವನು ಮನುಷ್ಯನೂ ಅಲ್ಲ, ಕಪ್ಪು ಮನುಷ್ಯನೂ ಅಲ್ಲ, ಮೇಲೆ ಮೇಲೆ ಹಾರುವ ಹಕ್ಕಿ. ಆಲ್ಟೊ ಸ್ಯಾಕ್ಸೊಫೋನಿನ ಮಹಾ ವಾದಕ ಚಾರ್ಲಿ ಪಾರ್ಕರ್‌ಗೆ 'ಬರ್ಡ್' ಎಂಬ ಅಡ್ಡಹೆಸರಿತ್ತು. ಜ್ಯಾಝ್ ಬಲ್ಲವರಿಗೆ ಅವನ ನೆನಪಾಗದೆ ಇರದು. ನಮ್ಮ ಮಕ್ಕಳಿಗೆ ಕದ್ರಿ ಗೋಪಾಲನಾಥರನ್ನು ಕೇಳಿಸಬಹುದು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದ ಅವರು ಇದೇ ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು. ಎರಡು ನಿಮಿಷ ಮೊಬೈಲಿನಲ್ಲಿ ಆ ನಾದ ಕೇಳಿದ ಮೇಲೆ ಮುದುಕನ ವಾದ್ಯ ಬರೀ ಕಷ್ಟದ ಪದವಾಗಿ ಉಳಿಯುವುದಿಲ್ಲ.

ಈ ಮೂರು ಪ್ರಶ್ನೆಗಳ ಚರ್ಚೆ ಯಾವ ಭಾಷೆಯಲ್ಲಿ ನಡೆಯಬೇಕು? ಮಕ್ಕಳಿಗೆ ಸಲೀಸಾದ ಭಾಷೆಯಲ್ಲಿ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಬಂದರೆ ಪಾಠ ಕೆಟ್ಟಿತು ಎಂಬ ಅಂಜಿಕೆ ಬೇಡ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪದ್ಯಗಳನ್ನು ಕನ್ನಡದ ಕಿವಿಗೆ ತಂದರು; 1926ರ ಅವರ 'ಇಂಗ್ಲಿಷ್ ಗೀತಗಳು' ನಮ್ಮ ಹೊಸ ಕಾವ್ಯಕ್ಕೇ ದಾರಿ ಮಾಡಿತು. ಗೋಕಾಕರೂ ಇಂಗ್ಲಿಷ್ ಪ್ರಾಧ್ಯಾಪಕರೇ, ಕನ್ನಡದ ಕವಿಯಾಗಿ ಜ್ಞಾನಪೀಠ ಪಡೆದವರು. ಮಗು ಪದ್ಯವನ್ನು ಕನ್ನಡದಲ್ಲಿ ಯೋಚಿಸಿ, ತನಗೆ ಹೊಳೆದದ್ದನ್ನು ಆಮೇಲೆ ಸರಳ ಇಂಗ್ಲಿಷಿನಲ್ಲಿ ಬರೆಯಲಿ. ಯೋಚನೆ ಇಲ್ಲದ ಇಂಗ್ಲಿಷಿಗಿಂತ ಯೋಚನೆ ಇರುವ ಪುಟ್ಟ ವಾಕ್ಯ ಮೇಲು.

ಇಲ್ಲಿ ನಾವು ಮರೆತಿರುವ ಒಂದು ಬಲ ಇದೆ. ಇದೇ ಮಗು ಕನ್ನಡ ಪೀರಿಯಡ್ಡಿನಲ್ಲಿ ಅಲಂಕಾರ ಕಲಿಯುತ್ತಿದೆ. ಉಪಮೇಯ ಯಾವುದು, ಉಪಮಾನ ಯಾವುದು, ವಾಚಕ ಪದ ಯಾವುದು, ಸಮಾನಧರ್ಮ ಯಾವುದು ಎಂದು ಬಿಡಿಸಿ ಸಮನ್ವಯ ಬರೆಯುವುದು ಅದಕ್ಕೆ ಗೊತ್ತು. ಇಂಗ್ಲಿಷಿಗೆ ಬಂದಾಗ ಮಾತ್ರ ಸಿಮಿಲಿ ಎಂಬ ಒಂದು ಪದ ಬರೆದು ಕೈಬಿಡುತ್ತದೆ. ಪೋರ್ಷಿಯಾಳ ಮಳೆಯನ್ನೇ ಸಮನ್ವಯ ಮಾಡಿಸಿ. ದಯೆ ಉಪಮೇಯ, ಮಳೆ ಉಪಮಾನ, ಯಾರೂ ಒತ್ತಾಯಿಸದೆ ಮೇಲಿನಿಂದ ಮೃದುವಾಗಿ ಇಳಿಯುವುದು ಸಮಾನಧರ್ಮ. ಈ ಮೂರನೆಯ ಅಂಶವೇ ಇಂಗ್ಲಿಷ್ ಉತ್ತರದ ಜೀವ. ಹೋಲಿಕೆ ಇದೆ ಎಂದು ಗುರುತಿಸಿದವನಿಗಿಂತ ಹೋಲಿಕೆ ಯಾಕಿದೆ ಎಂದು ಹೇಳಿದವನ ಉತ್ತರ ತೂಕದ್ದು.

ಛಂದಸ್ಸಿನ ಮಾತೂ ಹಾಗೆಯೇ. ಲಘು ಗುರು ಹಾಕಿ ಪ್ರಸ್ತಾರ ಮಾಡಬಲ್ಲ ಮಗುವಿಗೆ ಇಂಗ್ಲಿಷ್ ಲಯ ಅಸಾಧ್ಯವಲ್ಲ. ಒಂದು ವ್ಯತ್ಯಾಸವನ್ನು ತಿಳಿಸಿಕೊಟ್ಟರೆ ಸಾಕು. ಕನ್ನಡದಲ್ಲಿ ನಾವು ಎಣಿಸುವುದು ಉಚ್ಚಾರಣೆಗೆ ಹಿಡಿಯುವ ಕಾಲವನ್ನು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷ್ ಪದ್ಯ ಎಣಿಸುವುದು ದನಿ ಎಲ್ಲಿ ಒತ್ತಿ ಬೀಳುತ್ತದೆ ಎಂಬುದನ್ನು. ಪೋರ್ಷಿಯಾಳ ಮಾತಿನ ಸಾಲುಗಳಲ್ಲಿ ಸಾಮಾನ್ಯವಾಗಿ ಹತ್ತು ಉಚ್ಚಾರಾಂಶ; ಒಂದು ಹಗುರ, ಒಂದು ಒತ್ತು, ಹೀಗೆ ಐದು ಜೋಡಿ; ಸಾಲಿನ ಕೊನೆಗೆ ಪ್ರಾಸವಿಲ್ಲ. ಬಾಂಡ್ ಅವರ ಅಜ್ಜಿ ಪದ್ಯದಲ್ಲಿ ಎರಡೆರಡು ಸಾಲಿಗೆ ಅಂತ್ಯಪ್ರಾಸ. ನಮ್ಮ ಹಳೆಯ ಕಾವ್ಯದ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಇರುತ್ತಿತ್ತು, ಇಂಗ್ಲಿಷಿನದು ಸಾಲಿನ ಕೊನೆಯಲ್ಲಿ. ಅದೂ ಸ್ಪೆಲಿಂಗ್ ನೋಡಿ ಹೇಳುವುದಲ್ಲ, ಕಿವಿಯಿಂದ ಹೇಳುವುದು. ಅದಕ್ಕೇ ದನಿಯೆತ್ತಿ ಓದುವುದು ಬೇಕು. ಮೌನವಾಗಿ ಓದಿದ ಮಗು ಒಂದೇ ಬಗೆಯ ಅಕ್ಷರಗಳಿಂದ ಮುಗಿಯುವ ಎರಡು ಪದಗಳನ್ನೆಲ್ಲ ಪ್ರಾಸ ಎಂದುಕೊಳ್ಳುತ್ತದೆ, ಬೇರೆ ಬೇರೆ ಸ್ಪೆಲಿಂಗಿನ ನಿಜವಾದ ಪ್ರಾಸವನ್ನು ಕಾಣುವುದೇ ಇಲ್ಲ.

ಇನ್ನು ಉತ್ತರ ಬರೆಯುವ ಮಾತು. ಅರ್ಥವಾದದ್ದೆಲ್ಲ ಅಂಕವಾಗಲು ಒಂದು ಕ್ರಮ ಬೇಕು: ಹೇಳಿಕೆ, ಆಧಾರ, ಅದರಿಂದ ತಿಳಿಯುವುದು. ಅಜ್ಜಿಯ ಸ್ವಭಾವ ಎಂಥದು ಎಂದು ಕೇಳಿದ್ದಾರೆ ಎನ್ನೋಣ. ಅಜ್ಜಿ ಧೈರ್ಯವಂತೆ, ಹಟಗಾತಿ ಎಂಬುದು ಹೇಳಿಕೆ. 62ನೇ ವಯಸ್ಸಿನಲ್ಲೂ ಮರ ಹತ್ತುತ್ತಾಳೆ, ಹಾಸಿಗೆಯಲ್ಲಿ ಮಲಗಿರುವುದು ಅವಳಿಗೆ ನರಕವೆನಿಸುತ್ತದೆ ಎಂಬುದು ಆಧಾರ. ಮುಪ್ಪನ್ನು ತನ್ನ ರೀತಿಯಲ್ಲೇ ಬದುಕಬೇಕೆಂಬ ಛಲ ಅವಳದು ಎಂಬುದು ಅದರಿಂದ ತಿಳಿಯುವುದು. ಮೂರು ಪುಟ್ಟ ವಾಕ್ಯಗಳು ಸಾಕು. ಮಕ್ಕಳ ಉತ್ತರಗಳಲ್ಲಿ ಹೇಳಿಕೆ ಇರುತ್ತದೆ, ಆಧಾರ ಇರುವುದಿಲ್ಲ. ಅಥವಾ ಇಡೀ ಕಥೆ ಇರುತ್ತದೆ, ಕೇಳಿದ್ದಕ್ಕೆ ಹೇಳಿಕೆ ಇರುವುದಿಲ್ಲ. ಇದು ಒಳ್ಳೆಯ ಪದ್ಯ, ಕವಿ ಬಹಳ ಚೆನ್ನಾಗಿ ವರ್ಣಿಸಿದ್ದಾರೆ ಎಂಬಂಥ ಎಲ್ಲ ಪದ್ಯಕ್ಕೂ ಹೊಂದುವ ವಾಕ್ಯಗಳನ್ನು ಬಿಡುವುದನ್ನು ಅಭ್ಯಾಸ ಮಾಡಿಸಬೇಕು. ಬೇರೆ ಪದ್ಯಕ್ಕೆ ಅಂಟಿಸಿದರೂ ನಿಲ್ಲುವ ವಾಕ್ಯ ಈ ಪದ್ಯಕ್ಕೆ ಏನನ್ನೂ ಕೊಡುವುದಿಲ್ಲ.

ಸಾರಾಂಶಕ್ಕೂ ಇದೇ ದಾರಿ. ಮೂರು ಪ್ರಶ್ನೆಗೆ ಮಗು ಕಂಡುಕೊಂಡ ಉತ್ತರಗಳನ್ನು ಸಾಲಾಗಿ ಇಟ್ಟರೆ ಸಾರಾಂಶದ ಅರ್ಧ ಸಿದ್ಧ. ಯಾರು, ಯಾರಿಗೆ, ಎಲ್ಲಿ ಹೇಳುತ್ತಿದ್ದಾರೆ ಎಂಬುದು ಮೊದಲ ವಾಕ್ಯ. ಆರಂಭದಲ್ಲಿ ಏನಿತ್ತು, ಎಲ್ಲಿ ತಿರುಗಿತು ಎಂಬುದು ನಡುವಿನ ಎರಡು ಮೂರು ವಾಕ್ಯ. ಕೊನೆಗೆ ಎಲ್ಲಿಗೆ ಬಂದಿತು ಎಂಬುದು ಕಡೆಯ ವಾಕ್ಯ. ಆಮೇಲೆ ಗೈಡು ತೆರೆದು ತನ್ನದರ ಜೊತೆ ಹೋಲಿಸಲಿ, ಬಿಟ್ಟುಹೋದದ್ದನ್ನು ಸೇರಿಸಿಕೊಳ್ಳಲಿ, ಸ್ಪೆಲಿಂಗ್ ತಿದ್ದಿಕೊಳ್ಳಲಿ. ಗೈಡಿಗೆ ನಿಜವಾದ ಕೆಲಸ ಸಿಗುವುದು ಆ ಹೊತ್ತಿನಲ್ಲಿ.

ಸಮಯವೆಲ್ಲಿದೆ ಎಂದು ಶಿಕ್ಷಕರು ಕೇಳುವುದು ನ್ಯಾಯ. ಸಿಲಬಸ್ ಮುಗಿಯಬೇಕು, ಪ್ರಿಪರೇಟರಿ ಬರುತ್ತದೆ, ಸ್ಪೆಷಲ್ ಕ್ಲಾಸು ನಡೆಯಬೇಕು. ನಾನು ಕೇಳುತ್ತಿರುವುದು ಒಂದು ಪದ್ಯಕ್ಕೆ ಒಂದು ಪೀರಿಯಡ್ಡು. ಆ ಒಂದು ಪೀರಿಯಡ್ಡಿನಲ್ಲಿ ಯಾರೂ ಏನನ್ನೂ ಬರೆದುಕೊಳ್ಳುವುದು ಬೇಡ. ಶಿಕ್ಷಕರು ಎರಡು ಸಲ ಓದಲಿ, ಇಬ್ಬರು ಮೂವರು ಮಕ್ಕಳು ಒಂದೊಂದು ಸಲ ಓದಲಿ, ತಿಳಿಯಲೇಬೇಕಾದ ಐದಾರು ಪದಗಳ ಅರ್ಥ ಹೇಳಲಿ, ಉಳಿದ ಹೊತ್ತು ಮೂರು ಪ್ರಶ್ನೆಗೆ. ನೋಟ್ಸು ಮರುದಿನಕ್ಕಿರಲಿ. ಈ ಒಂದು ಪೀರಿಯಡ್ಡನ್ನು ಜೂನ್ ಜುಲೈನಲ್ಲಿ ಕೊಟ್ಟರೆ ಫೆಬ್ರವರಿಯ ಪುನರಾವರ್ತನೆಯಲ್ಲಿ ಅದು ಮರಳಿ ಸಿಗುತ್ತದೆ, ಏಕೆಂದರೆ ಒಮ್ಮೆ ಅರ್ಥವಾದ ಪದ್ಯವನ್ನು ಮತ್ತೆ ಮೊದಲಿನಿಂದ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇಂಗ್ಲಿಷ್ ಬಾರದ ತಂದೆತಾಯಿಯರೂ ಕೈಜೋಡಿಸಬಹುದು. ಮಗುವಿಗೆ ಪದ್ಯವನ್ನು ಗಟ್ಟಿಯಾಗಿ ಓದಲು ಹೇಳಿ, ಆಮೇಲೆ ಅದರಲ್ಲಿ ಏನಾಯಿತು ಎಂದು ಕನ್ನಡದಲ್ಲಿ ಕೇಳಿ. ಅಜ್ಜಿಗೆ ಮರದ ಮೇಲೆ ಮನೆ ಯಾಕೆ ಬೇಕಿತ್ತು? ಆ ಹುಡುಗ ತನ್ನನ್ನು ರಾಜ ಎಂದುಕೊಂಡದ್ದು ಯಾಕೆ? ಶೈಲಾಕನ ಕೋಪದಲ್ಲಿ ನ್ಯಾಯವಿರಲಿಲ್ಲವೇ? ಇವಕ್ಕೆ ಮನೆಮಂದಿಗೆಲ್ಲ ಅವರವರ ಅಭಿಪ್ರಾಯ ಇರುತ್ತದೆ, ಮಗುವಿನದೂ ಅದರಲ್ಲಿ ಒಂದಾಗುತ್ತದೆ. ಪದ್ಯದ ಬಗ್ಗೆ ತನಗೊಂದು ಅಭಿಪ್ರಾಯ ಇದೆ ಎಂದು ತಿಳಿದ ಮಗು ಪ್ರಶ್ನೆಪತ್ರಿಕೆಗೆ ಹೆದರುವುದು ಕಡಿಮೆ. ನಾಳೆ ಶುರುವಾಗಬೇಕಾದ ಪದ್ಯ ಯಾವುದೇ ಇರಲಿ, ಗೈಡು ಬ್ಯಾಗಿನಲ್ಲೇ ಇರಲಿ. ಮೊದಲು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಿ.